ಒಂದೇ ಫೈರ್‌ಫಾಕ್ಸ್, ಮೂರು ವಿಳಾಸ

2022ರ ಏಪ್ರಿಲ್‌ನಲ್ಲಿ ಬಂದ ಲಿನಕ್ಸ್ ವಿತರಣೆ ಉಬುಂಟು 22.04ರಲ್ಲಿ ಫೈರ್‌ಫಾಕ್ಸ್ ತನ್ನ ಹಳೆಯ ಡೆಬ್ ರೂಪವನ್ನು ಬಿಟ್ಟು ಸ್ನ್ಯಾಪ್ ರೂಪದಲ್ಲಿ ಕಾಣಿಸಿಕೊಂಡಿತು. ಹೊರಗಿನಿಂದ ನೋಡಿದರೆ ಅದೇ ಬ್ರೌಸರ್, ಅದೇ ಕೆಂಪು ನರಿ. ಬದಲಾದದ್ದು ಒಳಗಿನ ವಿಳಾಸ. ಬುಕ್‌ಮಾರ್ಕ್, ಪಾಸ್‌ವರ್ಡ್, ಎಕ್ಸ್‌ಟೆನ್ಶನ್‌ಗಳೆಲ್ಲ ಇರುವ ಪ್ರೊಫೈಲನ್ನು ಡೆಬ್ ಆವೃತ್ತಿ ಬಹುಕಾಲ ಹೋಮ್ ಫೋಲ್ಡರ್‌ನ ‘.ಮೊಜಿಲ್ಲಾ’ದಲ್ಲಿ ಇಡುತ್ತ ಬಂದಿತ್ತು. ಸ್ನ್ಯಾಪ್ ಆವೃತ್ತಿ ಅದನ್ನು ‘ಸ್ನ್ಯಾಪ್’ ಎಂಬ ಫೋಲ್ಡರ್‌ನೊಳಗೆ ಇಡುತ್ತದೆ. ಇದೇ ಬ್ರೌಸರನ್ನು ಫ್ಲ್ಯಾಟ್‌ಪ್ಯಾಕ್ ಆಗಿ ಹಾಕಿಕೊಂಡರೆ ಪ್ರೊಫೈಲ್ ‘.ವಾರ್’ ಫೋಲ್ಡರ್‌ನ ‘ಆ್ಯಪ್’ ಒಳಗೆ ಹೋಗಿ ಕೂರುತ್ತದೆ.

ಹಾಗಾಗಿ ಸ್ನ್ಯಾಪ್ ತೆಗೆದು ಫ್ಲ್ಯಾಟ್‌ಪ್ಯಾಕ್ ಹಾಕಿಕೊಂಡವರಿಗೆ ಬ್ರೌಸರ್ ಹೊಚ್ಚಹೊಸದಾಗಿ, ಖಾಲಿಯಾಗಿ ತೆರೆದುಕೊಳ್ಳುತ್ತದೆ. ಲಿನಕ್ಸ್ ಡೆಸ್ಕ್‌ಟಾಪ್‌ನಲ್ಲಿ ಆ್ಯಪ್ ಯಾವ ರೂಪದಲ್ಲಿರಬೇಕು ಎಂಬ ಪ್ರಶ್ನೆಯನ್ನೂ ಬ್ಯಾಕಪ್‌ನಲ್ಲಿ ಏನೇನು ಇರಬೇಕು ಎಂಬ ಪ್ರಶ್ನೆಯನ್ನೂ ಒಟ್ಟಿಗೇ ಕೇಳಿಕೊಳ್ಳಬೇಕಾದದ್ದು ಇದೇ ಕಾರಣಕ್ಕೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಬೆಂಬಲ ಮುಗಿದಿದೆ. ವಿಂಡೋಸ್ 11 ಹಾಕಲಾಗದ ಹಳೆಯ ಕಂಪ್ಯೂಟರ್‌ಗೆ ಲಿನಕ್ಸ್ ಹಾಕಿಸಿಕೊಂಡವರು ಮೊದಲ ವಾರದಲ್ಲೇ ಎದುರಿಸುವ ಪ್ರಶ್ನೆಗಳಿವು.

ಲಿನಕ್ಸ್‌ನಲ್ಲಿ ಬಳಕೆದಾರರ ಸೆಟ್ಟಿಂಗ್‌ಗಳು ಬಹುಪಾಲು ಹೋಮ್ ಫೋಲ್ಡರ್‌ನಲ್ಲೇ ಇರುತ್ತವೆ, ಆದರೆ ಕಣ್ಣಿಗೆ ಬೀಳುವುದಿಲ್ಲ. ಹೆಸರಿನ ಮೊದಲಿಗೆ ಚುಕ್ಕೆಯಿದ್ದರೆ ಆ ಕಡತ ಅಡಗಿರುತ್ತದೆ. ಯುನಿಕ್ಸ್‌ನ ಆರಂಭದ ದಿನಗಳಲ್ಲಿ, ಕಡತಗಳ ಪಟ್ಟಿ ತೋರಿಸುವಾಗ ಫೋಲ್ಡರನ್ನೇ ಸೂಚಿಸುವ ಒಂಟಿ ಚುಕ್ಕೆ ಮತ್ತು ಜೋಡಿ ಚುಕ್ಕೆಗಳನ್ನು ಬಿಟ್ಟುಬಿಡಲೆಂದು ‘ಚುಕ್ಕೆಯಿಂದ ಶುರುವಾದರೆ ತೋರಿಸಬೇಡ’ ಎಂಬ ಅಡ್ಡದಾರಿ ಹಿಡಿದದ್ದರಿಂದ ಈ ಪದ್ಧತಿ ಹುಟ್ಟಿತು ಎಂದು ಬೆಲ್ ಲ್ಯಾಬ್ಸ್‌ನಲ್ಲಿದ್ದ ರಾಬ್ ಪೈಕ್ ಹೇಳಿದ್ದಾರೆ. ಕ್ರಮೇಣ ಪ್ರತಿಯೊಂದು ಪ್ರೋಗ್ರಾಮೂ ತನ್ನದೊಂದು ಚುಕ್ಕೆ ಫೋಲ್ಡರ್ ಮಾಡಿಕೊಂಡು ಹೋಮ್ ತುಂಬಿಹೋಯಿತು. ಅದನ್ನು ಹದಕ್ಕೆ ತರಲು 2003ರಲ್ಲಿ ಎಕ್ಸ್‌ಡಿಜಿ ಎಂಬ ಒಪ್ಪಂದ ರೂಪುಗೊಂಡಿತು. ಸೆಟ್ಟಿಂಗ್‌ಗಳಿಗೆ ‘.ಕಾನ್ಫಿಗ್’, ದತ್ತಾಂಶಕ್ಕೆ ‘.ಲೋಕಲ್’ನೊಳಗಿನ ‘ಶೇರ್’, ಕಳೆದುಹೋದರೂ ಮತ್ತೆ ಕಟ್ಟಿಕೊಳ್ಳಬಹುದಾದ ತಾತ್ಕಾಲಿಕ ಸರಕಿಗೆ ‘.ಕ್ಯಾಶ್’. ಮೊದಲಿನ ಎರಡನ್ನು ಉಳಿಸಿಕೊಳ್ಳಬೇಕು, ಮೂರನೆಯದನ್ನು ಬಿಡಬಹುದು. ಫೈಲ್ ಮ್ಯಾನೇಜರ್‌ನಲ್ಲಿ ಕಂಟ್ರೋಲ್ ಜೊತೆ ಎಚ್ ಒತ್ತಿದರೆ ಇವೆಲ್ಲ ಕಾಣುತ್ತವೆ.

ಇನ್ನು ಆ್ಯಪ್‌ಗಳ ರೂಪ.

ಡೆಬ್ ಮತ್ತು ಆರ್‌ಪಿಎಮ್ ಹಳೆಯ ಪದ್ಧತಿಯವು. ಡೆಬಿಯನ್, ಉಬುಂಟು, ಮಿಂಟ್‌ಗಳದ್ದು ಮೊದಲನೆಯದು, ಫೆಡೋರಾದ್ದು ಎರಡನೆಯದು. ಆ್ಯಪ್‌ಗೆ ಬೇಕಾದ ಲೈಬ್ರರಿಗಳನ್ನು ಇಡೀ ವ್ಯವಸ್ಥೆ ಹಂಚಿಕೊಳ್ಳುವುದರಿಂದ ಡಿಸ್ಕ್ ಜಾಗ ಉಳಿಯುತ್ತದೆ, ಆ್ಯಪ್ ಬೇಗ ತೆರೆಯುತ್ತದೆ. ಆದರೆ ದೀರ್ಘಾವಧಿ ಬೆಂಬಲದ ಆವೃತ್ತಿಗಳಲ್ಲಿ ಆ್ಯಪ್ ಸಾಮಾನ್ಯವಾಗಿ ಹಳೆಯದಾಗಿಯೇ ಉಳಿಯುತ್ತದೆ. ಭದ್ರತೆಯ ತಿದ್ದುಪಡಿ ಬಂದರೂ ಹೊಸ ಸೌಲಭ್ಯ ಬರುವುದಿಲ್ಲ. ಫ್ಲ್ಯಾಟ್‌ಪ್ಯಾಕ್ ಹುಟ್ಟಿದ್ದು ಈ ಕೊರತೆಯಿಂದ. ಅಲೆಕ್ಸಾಂಡರ್ ಲಾರ್ಸನ್ ಶುರುಮಾಡಿದ ಈ ಯೋಜನೆಗೆ 2016ರಲ್ಲಿ ಈಗಿನ ಹೆಸರು ಬಂತು. ಇಲ್ಲಿ ಆ್ಯಪ್‌ಗಳು ‘ರನ್‌ಟೈಮ್’ ಎಂಬ ಸಮಾನ ತಳಹದಿಯ ಮೇಲೆ ನಿಂತು, ವ್ಯವಸ್ಥೆಯ ಉಳಿದ ಭಾಗದಿಂದ ಬೇಲಿ ಹಾಕಿಕೊಂಡು ಓಡುತ್ತವೆ. ಮೊದಲ ಆ್ಯಪ್‌ಗೆ ಡೌನ್‌ಲೋಡ್ ಭಾರಿಯಾಗಿರುತ್ತದೆ. ಅದೇ ರನ್‌ಟೈಮ್ ಬಳಸುವ ಮುಂದಿನವಕ್ಕೆ ಹಗುರ. ಬೇಲಿಯಿಂದಾಗಿ ಕೆಲವೊಮ್ಮೆ ಆ್ಯಪ್‌ಗೆ ಪೆನ್‌ಡ್ರೈವ್ ಕಾಣದೇ ಹೋಗಬಹುದು. ಆಗ ಫ್ಲ್ಯಾಟ್‌ಸೀಲ್ ಎಂಬ ಆ್ಯಪ್‌ನಲ್ಲಿ ಅನುಮತಿ ಕೊಡಬೇಕಾಗುತ್ತದೆ.

ಬ್ಯಾಕಪ್‌ನ ದೃಷ್ಟಿಯಿಂದ ಫ್ಲ್ಯಾಟ್‌ಪ್ಯಾಕ್‌ನ ದೊಡ್ಡ ಗುಣ ಅಚ್ಚುಕಟ್ಟುತನ. ಪ್ರತಿ ಆ್ಯಪ್‌ಗೂ ಒಂದು ಫೋಲ್ಡರ್, ಅದರೊಳಗೇ ಸೆಟ್ಟಿಂಗ್, ದತ್ತಾಂಶ, ಕ್ಯಾಶ್ ಮೂರೂ ಬೇರೆಬೇರೆಯಾಗಿ. ಆ ಒಂದು ಫೋಲ್ಡರನ್ನು ಬೇರೆ ಕಂಪ್ಯೂಟರ್‌ಗೆ ಒಯ್ದರೆ, ಅಲ್ಲಿರುವುದು ಫೆಡೋರಾ ಇರಲಿ ಮಿಂಟ್ ಇರಲಿ, ಆ್ಯಪ್ ಸಾಮಾನ್ಯವಾಗಿ ಮೊದಲಿನಂತೆಯೇ ತೆರೆಯುತ್ತದೆ.

ಉಬುಂಟು ತಯಾರಿಸುವ ಕೆನಾನಿಕಲ್ ಸಂಸ್ಥೆಯ ಸ್ನ್ಯಾಪ್ ದಿನಕ್ಕೆ ನಾಲ್ಕು ಬಾರಿ ಅಪ್‌ಡೇಟ್ ಹುಡುಕಿ ತಾನೇ ಹಾಕಿಕೊಳ್ಳುತ್ತದೆ. ಅದರಲ್ಲೊಂದು ಒಳ್ಳೆಯ ಏರ್ಪಾಡಿದೆ: ಸ್ನ್ಯಾಪ್ ಆ್ಯಪ್ ತೆಗೆದುಹಾಕಿದಾಗ ಅದರ ದತ್ತಾಂಶದ ಒಂದು ಪ್ರತಿ ಸಾಮಾನ್ಯವಾಗಿ 31 ದಿನ ಉಳಿದಿರುತ್ತದೆ. ಆ್ಯಪ್‌ಇಮೇಜ್‌ನದು ಇನ್ನೂ ಸರಳ, ಒಂದೇ ಕಡತದಲ್ಲಿ ಇಡೀ ಆ್ಯಪ್. ಇನ್‌ಸ್ಟಾಲ್ ಮಾಡುವುದೇ ಬೇಡ. ಆದರೆ ಎಲ್ಲದಕ್ಕೂ ಅನ್ವಯವಾಗುವ ಅಪ್‌ಡೇಟ್ ವ್ಯವಸ್ಥೆ ಇಲ್ಲ. ಹೊಸದು ಬಂದಿದೆಯೇ ಎಂದು ಬಹಳಷ್ಟು ಸಲ ಬಳಸುವವರೇ ನೋಡಬೇಕು. ಬ್ರೌಸರ್‌ನಂಥ, ಸದಾ ದಾಳಿಗೆ ಗುರಿಯಾಗುವ ಆ್ಯಪ್‌ಗೆ ಇದು ತಕ್ಕದ್ದಲ್ಲ.

ಕನ್ನಡದಲ್ಲಿ ಬರೆಯುವವರಿಗೆ ಬ್ಯಾಕಪ್‌ನಲ್ಲಿ ವಿಶೇಷ ಆಸ್ಥೆ ಬೇಕು. ಲಿಬ್ರೆಆಫೀಸ್‌ನ ಕಾಗುಣಿತ ಪರೀಕ್ಷೆಗೆ ಗೊತ್ತಿಲ್ಲದ ಊರ ಹೆಸರು, ಮನೆತನದ ಹೆಸರು, ವಿಭಕ್ತಿ ಸೇರಿದ ರೂಪಗಳನ್ನು ಒಂದೊಂದಾಗಿ ಸೇರಿಸುತ್ತ ಹೋದಂತೆ ಅವೆಲ್ಲ ಲಿಬ್ರೆಆಫೀಸ್ ಪ್ರೊಫೈಲ್‌ನ ‘ವರ್ಡ್‌ಬುಕ್’ ಫೋಲ್ಡರ್‌ನಲ್ಲಿ ಒಂದು ಚಿಕ್ಕ ಕಡತವಾಗಿ ಕೂಡುತ್ತವೆ. ವರ್ಷಗಟ್ಟಲೆಯ ಆ ದುಡಿಮೆಯನ್ನು ಮತ್ತೆಲ್ಲಿಂದಲೂ ಡೌನ್‌ಲೋಡ್ ಮಾಡಲಾಗದು. ತಾವೇ ಹಾಕಿಕೊಂಡ ಕನ್ನಡ ಫಾಂಟ್‌ಗಳು ‘ಶೇರ್’ ಒಳಗಿನ ‘ಫಾಂಟ್ಸ್’ನಲ್ಲಿರುತ್ತವೆ. ಗ್ನೋಮ್ ಡೆಸ್ಕ್‌ಟಾಪ್‌ನಲ್ಲಿ ಕೆಜಿಪಿ ಅಥವಾ ಇನ್‌ಸ್ಕ್ರಿಪ್ಟ್ ಕೀಲಿಮಣೆಯ ಆಯ್ಕೆ ‘ಡಿಕಾನ್ಫ್’ ಎಂಬ ಬೈನರಿ ಕಡತದಲ್ಲಿರುತ್ತದೆ. ಅದನ್ನು ಡಿಕಾನ್ಫ್‌ನ ‘ಡಂಪ್’ ಆದೇಶದಿಂದ ಪಠ್ಯಕ್ಕೆ ಇಳಿಸಿಟ್ಟುಕೊಂಡರೆ, ಬೇಕಾದ ಭಾಗವನ್ನಷ್ಟೇ ಆರಿಸಿ ಮರಳಿ ಹಾಕಬಹುದು. ಕೆಡಿಇ ಡೆಸ್ಕ್‌ಟಾಪ್‌ನಲ್ಲಿ ಸೆಟ್ಟಿಂಗ್‌ಗಳು ಮೊದಲಿನಿಂದಲೇ ಪಠ್ಯ ರೂಪದಲ್ಲಿವೆ.

ಮಿಂಟ್‌ನಲ್ಲಿ ಮೊದಲೇ ಬರುವ ಟೈಮ್‌ಶಿಫ್ಟ್ ಇದ್ದರೆ ಸಾಕೆಂಬ ನಂಬಿಕೆ ಸಾಮಾನ್ಯ. ಅಪ್‌ಡೇಟ್ ಕೆಟ್ಟರೆ ವ್ಯವಸ್ಥೆಯನ್ನು ಹಿಂದಕ್ಕೆ ತರುವುದು ಅದರ ಕೆಲಸ. ಹೋಮ್ ಫೋಲ್ಡರನ್ನು ತಾನಾಗಿ ಅದು ಮುಟ್ಟುವುದಿಲ್ಲ. ಸೆಟ್ಟಿಂಗ್‌ಗಳಿಗೆ ದೇಜಾ ಡುಪ್, ಪಿಕಾ ಬ್ಯಾಕಪ್‌ನಂಥ ಬೇರೆ ಸಲಕರಣೆ ಬೇಕು. ಇವೆರಡೂ ಬ್ಯಾಕಪ್ಪನ್ನು ಪಾಸ್‌ವರ್ಡ್ ಹಾಕಿ ಗೂಢಲಿಪಿಯಲ್ಲಿ ಇಡಬಲ್ಲವು. ಅಡಗಿದ ಫೋಲ್ಡರ್‌ಗಳಲ್ಲಿ ಪಾಸ್‌ವರ್ಡ್‌ಗಳೂ ಭದ್ರತಾ ಕೀಲಿಗಳೂ ಇರುವುದರಿಂದ ಇದನ್ನು ಬಿಡಬಾರದು. ಎಕ್ಸ್‌ಫ್ಯಾಟ್ ಪೆನ್‌ಡ್ರೈವ್‌ಗೆ ನೇರವಾಗಿ ನಕಲು ಮಾಡಿದರೆ ಲಿನಕ್ಸ್‌ನ ಕಡತ-ಅನುಮತಿಗಳು ಅಳಿಸಿಹೋಗುತ್ತವೆ. ಟಾರ್ ಕಡತವಾಗಿ ಕಟ್ಟಿ ಇಟ್ಟರೆ ಉಳಿಯುತ್ತವೆ. ನಕಲು ಮಾಡುವ ಮೊದಲು ಆ್ಯಪ್ ಮುಚ್ಚಿರಬೇಕು. ಫೈರ್‌ಫಾಕ್ಸ್‌ನಲ್ಲಿ ಪಾಸ್‌ವರ್ಡ್‌ಗಳ ಕಡತ ಒಂದು, ಅದನ್ನು ಬಿಚ್ಚುವ ಕೀಲಿಯ ಕಡತ ಇನ್ನೊಂದು. ಒಂದನ್ನು ಮಾತ್ರ ಉಳಿಸಿಕೊಂಡರೆ ಪಾಸ್‌ವರ್ಡ್‌ಗಳು ಸಿಗುವುದಿಲ್ಲ.

ಮರಳಿ ಹಾಕುವಾಗ ಇಡೀ ‘.ಕಾನ್ಫಿಗ್’ ಫೋಲ್ಡರನ್ನು ಹೊಸ ವ್ಯವಸ್ಥೆಯ ಮೇಲೆ ಸುರಿಯಬಾರದು. ಹಳೆಯ ಡೆಸ್ಕ್‌ಟಾಪ್‌ನ ಸೆಟ್ಟಿಂಗ್ ಹೊಸದಕ್ಕೆ ಹೊಂದದೆ ಪ್ಯಾನೆಲ್, ಥೀಮ್‌ಗಳು ಕೆಡಬಹುದು. ಒಂದೊಂದೇ ಆ್ಯಪ್‌ನದನ್ನು ತಂದು, ತೆರೆದು ನೋಡುವುದು ಕ್ಷೇಮ. ಇದಕ್ಕೆ ಕಂಪ್ಯೂಟರ್ ಕೆಡುವವರೆಗೆ ಕಾಯಬೇಕಾಗಿಲ್ಲ. ಅದೇ ಕಂಪ್ಯೂಟರ್‌ನಲ್ಲಿ ಇನ್ನೊಂದು ಬಳಕೆದಾರ ಖಾತೆ ತೆರೆದು, ಬ್ಯಾಕಪ್ಪನ್ನು ಅಲ್ಲಿಗೆ ಇಳಿಸಿ, ಕಡತಗಳ ಒಡೆತನವನ್ನು ಆ ಖಾತೆಗೆ ಬದಲಿಸಿದರೆ ಬುಕ್‌ಮಾರ್ಕ್‌ಗಳು, ಕನ್ನಡ ಪದಪಟ್ಟಿ, ಫಾಂಟ್‌ಗಳು ಬಂದವೇ ಎಂದು ಅರ್ಧ ಗಂಟೆಯಲ್ಲಿ ತಿಳಿಯುತ್ತದೆ. ಬಾರದೆ ಉಳಿದದ್ದು ಯಾವ ಫೋಲ್ಡರ್‌ನಲ್ಲಿತ್ತೆಂದು ಹುಡುಕಿ, ಅದರ ಹೆಸರನ್ನು ಬ್ಯಾಕಪ್ ಪಟ್ಟಿಗೆ ಅಂದೇ ಸೇರಿಸಬಹುದು.