ತಾರಸಿಯ ಬಿಸಿನೀರು ಬಚ್ಚಲಿಗೆ ಇಳಿಯುವ ಹೊತ್ತಿಗೆ

ಮೈಸೂರಿನ ಕುವೆಂಪುನಗರದಲ್ಲೋ ವಿಜಯನಗರದಲ್ಲೋ ನಿಂತು ತಲೆಯೆತ್ತಿದರೆ ಮನೆಮನೆಯ ತಾರಸಿಯಲ್ಲೂ ಸೋಲಾರ್ ಟ್ಯಾಂಕು ಕಾಣುತ್ತದೆ. ಆದರೂ ಎಷ್ಟೋ ಮನೆಗಳಲ್ಲಿ ಬೆಳಿಗ್ಗೆ ಉಗುರುಬೆಚ್ಚಗಿನ ನೀರು ಬಂತೆಂದು ಗೀಸರ್ ಹಾಕುತ್ತಾರೆ. ಬಿಸಿಲು ಸಾಲದೆಂದು ಎಲ್ಲರೂ ದೂರುತ್ತಾರೆ. ನನ್ನ ಅನುಮಾನ ಮಾತ್ರ ಪೈಪಿನ ಮೇಲೆ.

ಮೊದಲು ಲೆಕ್ಕ ನೋಡೋಣ. 100 ಲೀಟರ್ ನೀರನ್ನು 25 ಡಿಗ್ರಿಯಿಂದ 60 ಡಿಗ್ರಿಗೆ ಕಾಯಿಸಲು ಸುಮಾರು 4 ಯೂನಿಟ್ ಶಾಖ ಬೇಕು. ಒಳ್ಳೆಯ ಬಿಸಿಲಿನ ದಿನ 2 ಚದರ ಮೀಟರ್ ಕಲೆಕ್ಟರ್ ಅಷ್ಟನ್ನು ಕೊಡುತ್ತದೆ. ಕಲೆಕ್ಟರಿನ ಗಾಜಿನಡಿಯ ಕಪ್ಪು ತಗಡಿಗೆ ಅಂಟಿದ ತಾಮ್ರದ ಕೊಳವೆಯಲ್ಲಿ ನೀರು ಕಾದು, ಹಗುರಾಗಿ ಮೇಲೇರಿ ಟ್ಯಾಂಕು ಸೇರುತ್ತದೆ. ತಣ್ಣೀರು ಕೆಳಗಿಳಿದು ಅದರ ಜಾಗ ಹಿಡಿಯುತ್ತದೆ. ಪಂಪು ಬೇಡ. ಟ್ಯಾಂಕಿನ ತಳ ಕಲೆಕ್ಟರಿನ ಮೇಲಂಚಿಗಿಂತ ಎತ್ತರದಲ್ಲಿರಬೇಕು, ಅಷ್ಟೇ. ತಗ್ಗಿನಲ್ಲಿ ಕೂರಿಸಿದರೆ ರಾತ್ರಿ ಬಿಸಿನೀರು ಹಿಂದಕ್ಕೆ ಹರಿದು ಆರಿಹೋಗುತ್ತದೆ.

ಬಿಸಿ ಆರದಿರಲೆಂದು ಟ್ಯಾಂಕಿನ ಸುತ್ತ ದಪ್ಪ ಫೋಮ್ ಇರುತ್ತದೆ. ಹಿಂದೆ ಬಚ್ಚಲೊಲೆಯ ತಾಮ್ರದ ಹಂಡೆಯ ಸುತ್ತ ಮಣ್ಣು ಮೆತ್ತುತ್ತಿದ್ದದ್ದೂ ಇದಕ್ಕೇ. ಅಜ್ಜಿಯಂದಿರಿಗೆ ಗೊತ್ತಿದ್ದದ್ದನ್ನು ನಾವು ಪೈಪಿನ ವಿಷಯದಲ್ಲಿ ಮರೆತಿದ್ದೇವೆ. ಮುಕ್ಕಾಲು ಇಂಚಿನ ಪೈಪು ಮೀಟರಿಗೆ ಸುಮಾರು ಕಾಲು ಲೀಟರ್ ನೀರು ಹಿಡಿಯುತ್ತದೆ. ತಾರಸಿಯಿಂದ ಬಚ್ಚಲಿಗೆ 20 ಮೀಟರ್ ಇದ್ದರೆ, ಪ್ರತಿ ಸಲವೂ 5 ಲೀಟರ್ ತಣ್ಣೀರು ಚೆಲ್ಲಿದ ಮೇಲೇ ಬಿಸಿನೀರಿನ ಮುಖ ಕಾಣುವುದು. ಕೊನೆಗೆ ನಲ್ಲಿ ನಿಲ್ಲಿಸಿದಾಗ ಇನ್ನೊಂದು 5 ಲೀಟರ್ ಬಿಸಿನೀರು ಗೋಡೆಯೊಳಗೇ ತಣಿಯುತ್ತದೆ. ಅದಕ್ಕೇ ಮನೆ ಕಟ್ಟುವಾಗಲೇ ಟ್ಯಾಂಕನ್ನು ಬಚ್ಚಲಿನ ನೇರಕ್ಕೆ ಇಡಿಸಿ, ಬಿಸಿನೀರಿನ ಪೈಪಿಗೆ ಫೋಮ್ ತೋಳು ಹಾಕಿಸಿ. ಮನೆಯವರು ಒಬ್ಬರ ಹಿಂದೊಬ್ಬರು ಸ್ನಾನ ಮುಗಿಸಿದರೂ ಚೆಲ್ಲುವುದು ಕಡಿಮೆಯಾಗುತ್ತದೆ. ಟ್ಯಾಂಕಿನೊಳಗಿನ ಕರೆಂಟ್ ಕಾಯಿಲನ್ನು ರಾತ್ರಿಯಿಡೀ ಹಾಕಿಡಬೇಡಿ. ಟ್ಯಾಂಕು ಕಾದೇ ಇದ್ದರೆ ಮರುದಿನದ ಬಿಸಿಲಿಗೆ ಕೆಲಸವೇ ಉಳಿಯುವುದಿಲ್ಲ.

ಕಾವೇರಿ ನೀರು ಬರುವ ಮನೆಗೆ ತಾಮ್ರದ ಕಲೆಕ್ಟರ್ ಸಾಕು. ಬೋರ್‌ವೆಲ್ಲಿನ ಗಡಸು ನೀರಿನ ಸುಣ್ಣ ಸಣ್ಣ ಕೊಳವೆಗಳನ್ನು ಕಟ್ಟಿಬಿಡುವುದರಿಂದ ಅಲ್ಲಿ ಗಾಜಿನ ಟ್ಯೂಬಿನದು ವಾಸಿ.

ಕರೆಂಟ್ ಕೊಡುವ ಸೋಲಾರ್ ಫಲಕಕ್ಕೆ 2024ರ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಸಹಾಯಧನವಿದೆ, 3 ಕಿಲೋವ್ಯಾಟಿಗೆ 78,000 ರೂಪಾಯಿ. ದೀಪ, ಫ್ಯಾನು, ಫ್ರಿಜ್ಜಿಗೆ ಅದು ಒಳ್ಳೆಯದೇ. ಆದರೆ 4 ಯೂನಿಟ್ ಕರೆಂಟಿಗೆ ಸುಮಾರು 5 ಚದರ ಮೀಟರ್ ಫಲಕ ಬೇಕು. ನೀರು ಕಾಯಿಸಲು ಅಷ್ಟು ತಾರಸಿ ಕೊಡುವುದು ನನಗೆ ಸರಿಕಾಣುವುದಿಲ್ಲ.

ಮನೆಯ ಪೈಪಿನಲ್ಲಿ ಪೋಲಾಗುವ ಬಿಸಿ ಕಾರ್ಖಾನೆಗಳಲ್ಲಿ ಹಬೆಯ ರೂಪದಲ್ಲಿ ಪೋಲಾಗುತ್ತದೆ. 1912ರಲ್ಲಿ ರೇಷ್ಮೆ ಕಾರ್ಖಾನೆ ತೆರೆದ ಊರು ನಮ್ಮದು. ರೇಷ್ಮೆಯ ಅಂಟು ಬಿಡಿಸುವುದಕ್ಕೂ ಬಣ್ಣ ಹಾಕುವುದಕ್ಕೂ ಬಿಸಿನೀರೇ ಬೇಕು. ಇಂಥ ಕಡೆ ಬಾಯ್ಲರಿಗೆ ಹೋಗುವ ನೀರು 6 ಡಿಗ್ರಿ ಹೆಚ್ಚು ಬೆಚ್ಚಗಿದ್ದರೆ ಉರುವಲು ಹೆಚ್ಚುಕಡಿಮೆ ಶೇ 1ರಷ್ಟು ಉಳಿಯುತ್ತದೆ. ಹಬೆ ತಣಿದು ಆದ ಬಿಸಿನೀರನ್ನು ಚರಂಡಿಗೆ ಬಿಡದೆ ಬಾಯ್ಲರಿಗೇ ತಿರುಗಿಸಿದರೆ ಆ ಬಿಸಿ ಪುಕ್ಕಟೆ ಸಿಕ್ಕಂತೆ. ಹಬೆಯ ಪೈಪಿಗೆ ಸುತ್ತಿದ ಹೊದಿಕೆ ವಾಲ್ವುಗಳ ಹತ್ತಿರ ಬಿಚ್ಚಿಕೊಂಡಿರುವುದು ಸಾಮಾನ್ಯ. ಮೊದಲು ನೋಡಬೇಕಾದ್ದು ಅಲ್ಲೇ.

ಮನೆಯಲ್ಲಾದರೆ ತಿಂಗಳಿಗೆರಡು ಸಲ ಕಲೆಕ್ಟರಿನ ಗಾಜು ಒರೆಸಿ, ಬಿಸಿಲೇರುವ ಮೊದಲು. ನಡುಮಧ್ಯಾಹ್ನ ಕಾದ ಗಾಜಿನ ಮೇಲೆ ತಣ್ಣೀರು ಸುರಿದರೆ ಬಿರುಕು ಬಿಟ್ಟೀತು.