ಮಿದುಳಿನ ತಡೆಯನ್ನು ದಾಟುವ ಔಷಧ

ಪಾರ್ಕಿನ್ಸನ್ ರೋಗದಲ್ಲಿ ಕೈ ನಡುಗಲು, ನಡಿಗೆ ನಿಧಾನವಾಗಲು ಮುಖ್ಯ ಕಾರಣ ಮಿದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕದ ಕೊರತೆ. ಹಾಗಾದರೆ ಡೋಪಮೈನನ್ನೇ ರಕ್ತಕ್ಕೆ ಕೊಡಬಹುದಲ್ಲವೇ? ತೀರಾ ಇಳಿದ ರಕ್ತದೊತ್ತಡವನ್ನು ಏರಿಸಲು ಆಸ್ಪತ್ರೆಗಳಲ್ಲಿ ಅದನ್ನು ಕೊಡುವುದುಂಟು. ಆದರೆ ಅದರಿಂದ ನಡುಕ ನಿಲ್ಲುವುದಿಲ್ಲ. ರಕ್ತದಲ್ಲಿರುವ ಡೋಪಮೈನ್ ಮಿದುಳನ್ನು ಹೊಗಲಾರದು.

ಇಂಥ ತಡೆಯ ಸುಳಿವು 19ನೇ ಶತಮಾನದ ಕೊನೆಯಲ್ಲೇ ಸಿಕ್ಕಿತ್ತು. ಜರ್ಮನಿಯ ಪಾಲ್ ಎರ್ಲಿಕ್ ಪ್ರಾಣಿಗಳ ರಕ್ತಕ್ಕೆ ಕೆಲವು ವರ್ಣದ್ರವ್ಯಗಳನ್ನು ಸೇರಿಸಿದಾಗ ಉಳಿದ ಅಂಗಗಳು ಬಣ್ಣ ಪಡೆದವು, ಮಿದುಳು ಪಡೆಯಲಿಲ್ಲ. ಮಿದುಳಿಗೆ ಬಣ್ಣ ಹಿಡಿಯುವ ಗುಣವೇ ಇಲ್ಲವೆಂದು ಅವರು ಭಾವಿಸಿದರು. ಅವರ ಶಿಷ್ಯ ಎಡ್ವಿನ್ ಗೋಲ್ಡ್‌ಮನ್ 1913ರಲ್ಲಿ ಬಣ್ಣವನ್ನು ನೇರವಾಗಿ ಮಿದುಳು-ಬಳ್ಳಿಯ ದ್ರವಕ್ಕೆ ಸೇರಿಸಿದರು. ಈಗ ಮಿದುಳಿಗೆ ಬಣ್ಣ ಹಿಡಿಯಿತು, ದೇಹದ ಉಳಿದ ಭಾಗಕ್ಕೆ ಹಿಡಿಯಲಿಲ್ಲ! ಅಂದರೆ ತಡೆ ಇರುವುದು ಎರಡರ ನಡುವೆ. ಅದು ಮಿದುಳಿನ ಲೋಮನಾಳಗಳ ಭಿತ್ತಿಯೇ ಎಂಬುದು 1967ರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ಖಚಿತವಾಯಿತು. ಇಲ್ಲಿ ಜೀವಕೋಶಗಳು ಸಂದಿಲ್ಲದಂತೆ ಒಂದಕ್ಕೊಂದು ಬೆಸೆದುಕೊಂಡಿವೆ. ಕೊಬ್ಬಿನಲ್ಲಿ ಕರಗುವ ಸಣ್ಣ ಅಣುಗಳು ಕೋಶಗಳ ಮೂಲಕವೇ ಹಾಯ್ದುಹೋಗುತ್ತವೆ. ಗ್ಲೂಕೋಸ್ ಮತ್ತು ಅಮೈನೋ ಆಮ್ಲಗಳನ್ನು ಸಾಗಿಸಲು ಬೇರೆ ಬೇರೆ ವಾಹಕ ಪ್ರೋಟೀನುಗಳಿವೆ. ಡೋಪಮೈನಿಗೆ ಈ ಎರಡು ದಾರಿಗಳೂ ಇಲ್ಲ.

ಆದರೆ ಡೋಪಮೈನ್ ತಯಾರಾಗುವುದು ಎಲ್-ಡೋಪ ಎಂಬ ಅಮೈನೋ ಆಮ್ಲದಿಂದ. ಅಮೈನೋ ಆಮ್ಲಗಳ ವಾಹಕ ಇದನ್ನೂ ಒಳಕ್ಕೆ ಒಯ್ಯುತ್ತದೆ. ಒಳಗೆ ಕಿಣ್ವವೊಂದು ಇದನ್ನು ಡೋಪಮೈನ್ ಆಗಿ ಮಾರ್ಪಡಿಸುತ್ತದೆ. ತೊಡಕೆಂದರೆ, ಅದೇ ಕಿಣ್ವ ಕರುಳು, ಯಕೃತ್ತುಗಳಲ್ಲಿಯೂ ಇದೆ. ನುಂಗಿದ ಎಲ್-ಡೋಪದ ಬಹುಪಾಲು ಅಲ್ಲಿಯೇ ಖರ್ಚಾಗಿ, ರೋಗಿಗೆ ವಾಂತಿ, ವಾಕರಿಕೆ ಉಂಟಾಗುತ್ತವೆ. ಇದಕ್ಕಾಗಿ ಮಾತ್ರೆಯಲ್ಲಿ ಕಾರ್ಬಿಡೋಪ ಎಂಬ ಕಿಣ್ವರೋಧಕವನ್ನು ಸೇರಿಸುತ್ತಾರೆ. ಕಾರ್ಬಿಡೋಪ ಮಿದುಳಿನ ತಡೆಯನ್ನು ದಾಟಲಾರದು! ಆದ್ದರಿಂದಲೇ ಹೊರಗಿನ ಕಿಣ್ವವನ್ನಷ್ಟೇ ಅದು ತಡೆಯುತ್ತದೆ, ಒಳಗಿನದು ತನ್ನ ಕೆಲಸ ಮುಂದುವರಿಸುತ್ತದೆ. ಔಷಧ ವಿಜ್ಞಾನದಲ್ಲಿ ಇಷ್ಟು ಚೆಲುವಾದ ಉಪಾಯಗಳು ವಿರಳ.

ವಾಹಕಗಳ ಸಂಖ್ಯೆ ಮಿತವಾದುದರಿಂದ ಇನ್ನೊಂದು ಪೇಚು ಇದೆ. ಬೇಳೆ, ಹಾಲು, ಮೊಟ್ಟೆಗಳ ಪ್ರೋಟೀನಿನಿಂದ ಬಂದ ಅಮೈನೋ ಆಮ್ಲಗಳೂ ಅದೇ ವಾಹಕಕ್ಕಾಗಿ ಪೈಪೋಟಿ ನಡೆಸುತ್ತವೆ. ಕೆಲವು ರೋಗಿಗಳಲ್ಲಿ ಊಟದ ನಂತರ ಮಾತ್ರೆಯ ಪರಿಣಾಮ ಕುಗ್ಗುವುದು, ಊಟಕ್ಕೆ ಸಾಕಷ್ಟು ಮೊದಲೇ ಅದನ್ನು ನುಂಗಲು ವೈದ್ಯರು ಹೇಳುವುದು ಇದಕ್ಕಾಗಿ.

ನಮ್ಮ ಬೇಲಿಗಳ ಮೇಲೆ ಹಬ್ಬುವ ನಸುಗುನ್ನಿಯ ಬೀಜದಲ್ಲೂ ಎಲ್-ಡೋಪ ಇದೆ. 1937ರಲ್ಲಿ ಎಂ. ದಾಮೋದರನ್ ಮತ್ತು ಆರ್. ರಾಮಸ್ವಾಮಿ ಅದನ್ನು ಬೇರ್ಪಡಿಸಿದ್ದರು. ಆದರೆ ಬೀಜದಿಂದ ಬೀಜಕ್ಕೆ ಅದರ ಪ್ರಮಾಣ ಬದಲಾಗುತ್ತದೆ. ಮಾತ್ರೆ ನುಂಗುತ್ತಿರುವವರು ಅದರ ಪುಡಿಯನ್ನೂ ಸೇವಿಸಿದರೆ ಎಲ್-ಡೋಪದ ಒಟ್ಟು ಪ್ರಮಾಣ ಲೆಕ್ಕಕ್ಕೆ ಸಿಗದೆ ಹೋಗುತ್ತದೆ; ವೈದ್ಯರನ್ನು ಕೇಳದೆ ಇದಕ್ಕೆ ಕೈಹಾಕಬಾರದು.