ಮನೆ ಅವರದು, ಬಾಗಿಲು ನಿಮ್ಮದು

ಮಧ್ಯಾಹ್ನದ ಹೊತ್ತು. ಯಜಮಾನರು ಕೆಲಸಕ್ಕೆ, ಮಕ್ಕಳು ಸ್ಕೂಲಿಗೆ ಹೋಗಿದ್ದಾರೆ. ನೀವು ಎಣ್ಣೆನೀರು ಹಾಕಿಕೊಂಡು ಕೂದಲು ಆರಿಸಿಕೊಳ್ಳುತ್ತಿದ್ದೀರಿ. ಅಷ್ಟರಲ್ಲಿ ಮನೆ ಮಾಲೀಕರು ಕದ ತಳ್ಳಿಕೊಂಡು ಒಳಗೇ ಬಂದುಬಿಟ್ಟರು! "ಏನಿಲ್ಲಮ್ಮಾ, ಗೋಡೆ ಹೇಗಿದೆ ನೋಡೋಣ ಅಂತ ಬಂದೆ" ಅಂತಾರೆ. ತಮ್ಮ ಮನೆಗೆ ತಾವು ಬರೋದಕ್ಕೆ ಯಾರ ಅಪ್ಪಣೆ ಬೇಕು ಎಂಬುದು ಅವರ ಧೋರಣೆ. ಬಾಡಿಗೆಯವರು ನಾವು, ಏನನ್ನೋಣ ಎಂಬುದು ನಿಮ್ಮ ಸಂಕೋಚ. ಎಣ್ಣೆ ಗಿರಣಿಗಳ ಚಳ್ಳಕೆರೆಯಿರಲಿ, ರೇಷ್ಮೆ ಸೀರೆಯ ಮೊಳಕಾಲ್ಮೂರಿರಲಿ, ಈ ಸಂಕೋಚ ಎಲ್ಲ ಕಡೆಗೂ ಒಂದೇ.

ಕಾನೂನು ಏನನ್ನುತ್ತೆ ಗೊತ್ತೆ? 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಕಲಮು ಇಬ್ಬರ ಮಾತನ್ನೂ ಆಡುತ್ತದೆ. ಮನೆಯ ಸ್ಥಿತಿ ನೋಡಲು ಮಾಲೀಕರು ಬಂದರೆ ಬಿಡಬೇಕು, ನಿಜ. ಆದರೆ 'ಯುಕ್ತವಾದ ಸಮಯದಲ್ಲಿ' ಮಾತ್ರ. ಬಾಡಿಗೆ ಸರಿಯಾಗಿ ಕೊಟ್ಟು, ಕರಾರಿನಂತೆ ನಡೆದುಕೊಳ್ಳುವವರು ಯಾವ ಅಡ್ಡಿಯೂ ಇಲ್ಲದೆ ವಾಸ ಮಾಡಬಹುದು ಎಂದೂ ಅಲ್ಲೇ ಇದೆ. ಗೋಡೆ, ಮಾಳಿಗೆ ನೋಡುವ ಹಕ್ಕು ಅಂದರೆ ನಿಮ್ಮ ಬೀರು, ಅಡುಗೆ ಡಬ್ಬಿ ನೋಡುವ ಹಕ್ಕಲ್ಲ!

'ಯುಕ್ತ ಸಮಯ' ಅಂದರೆ ಎಷ್ಟು ಗಂಟೆ? ಹಳೆಯ ಕಾಯ್ದೆ ಹೇಳುವುದಿಲ್ಲ. ಕೇಂದ್ರ ಸರ್ಕಾರ 2021ರಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ಮಾತ್ರ ಬಿಡಿಸಿ ಹೇಳಿದೆ: 24 ಗಂಟೆ ಮೊದಲೇ ತಿಳಿಸಬೇಕು, ಸೂರ್ಯೋದಯಕ್ಕೆ ಮುಂಚೆ, ಸೂರ್ಯಾಸ್ತದ ನಂತರ ಬರಕೂಡದು. ಇದು ಮಾದರಿಯಷ್ಟೆ, ರಾಜ್ಯ ಜಾರಿಗೆ ತಂದರೆ ಮಾತ್ರ ಕಾನೂನು. ಆದರೆ ಇದೇ ಮಾತನ್ನು ನಿಮ್ಮ ಕರಾರುಪತ್ರದಲ್ಲಿ ಬರೆಸಿಕೊಳ್ಳಲು ಯಾರ ಅಡ್ಡಿ?

ಹಾಗಾದರೆ ನೀವು ಮಾಡಬೇಕಾದ್ದೇನು?

1. ಮನೆ ಹಿಡಿಯುವಾಗಲೇ, ಹಿಂದಿನ ದಿನ ತಿಳಿಸಿ, ಹಗಲಿನಲ್ಲಿ ಬರಬೇಕೆಂದು ಬರೆಸಿ. ಎರಡನೇ ಬೀಗದ ಕೈ ಯಾರ ಹತ್ತಿರ ಇರಬೇಕು ಎಂಬುದನ್ನೂ ಸೇರಿಸಿ.

2. ಮನೆಯಲ್ಲೇ ನೇಯುವವರು ಕುಳಿಮಗ್ಗಕ್ಕೆ ಗುಂಡಿ ತೋಡುವ ಮೊದಲು ಒಪ್ಪಿಗೆಯನ್ನು ಬರಹದಲ್ಲೇ ಪಡೆಯಿರಿ. ಆಮೇಲೆ "ನೆಲ ಹಾಳಾಯ್ತಾ ನೋಡ್ತೀನಿ" ಎಂದು ದಿನಾ ಬರುವ ನೆಪ ಇರೋದಿಲ್ಲ.

3. ಮಾಳಿಗೆ ಸೋರಿದರೆ ಮುಚ್ಚಿಡಬೇಡಿ. ಚೀಟಿ ಬರೆದು ತಿಳಿಸಿ, ನಕಲು ಇಟ್ಟುಕೊಳ್ಳಿ. ರಿಪೇರಿ ಮಾಲೀಕರ ಹೊಣೆಯಾಗಿದ್ದು, ಹೇಳಿ ಸಾಕಷ್ಟು ದಿನವಾದರೂ ಮಾಡಿಸದಿದ್ದರೆ, ನೀವೇ ಮಾಡಿಸಿ ಖರ್ಚನ್ನು ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು.

4. ಹೊತ್ತಲ್ಲದ ಹೊತ್ತಿನಲ್ಲಿ ಬಂದರೆ ಜಗಳ ಬೇಡ. ಬಾಗಿಲಲ್ಲೇ ನಿಂತು, "ನಾಳೆ ಹತ್ತು ಗಂಟೆಗೆ ಬನ್ನಿ, ಇವರೂ ಇರ್ತಾರೆ" ಅನ್ನಿ. ಹೇಳಿದ ಹೊತ್ತಿಗೆ ಬಂದಾಗ ಮಾತ್ರ ತಪ್ಪದೆ ತೋರಿಸಿ. ಪೂರಾ ತಡೆದರೆ ತಪ್ಪು ನಿಮ್ಮದಾಗುತ್ತದೆ.

ಇಷ್ಟಾದರೂ ಕೇಳದೆ ನುಗ್ಗಿದರೆ, ಬೆದರಿಸಿದರೆ? ಪೊಲೀಸು ಠಾಣೆಗೆ ದೂರು ಕೊಡಬಹುದು. ವಕೀಲರ ಫೀಜಿಗೆ ದುಡ್ಡಿಲ್ಲವೆಂದು ಅಂಜಬೇಡಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ಹೆಣ್ಣುಮಕ್ಕಳಿಗೆ, ವರಮಾನ ಎಷ್ಟೇ ಇರಲಿ, ಉಚಿತ ಕಾನೂನು ನೆರವುಂಟು. ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಕೇಳಿ, ಇಲ್ಲವೇ 15100ಕ್ಕೆ ಫೋನು ಮಾಡಿ.

ತಿಂಗಳು ತಿಂಗಳೂ ಬಾಡಿಗೆ ಎಣಿಸಿ ಕೊಡುವುದು ಬರೀ ಸೂರಿಗಲ್ಲ, ನೆಮ್ಮದಿಗೂ ಹೌದು. ಅದನ್ನು ಕೇಳಿ ಪಡೆಯಲು ನಾಚಿಕೆ ಏಕೆ?